ಜೋಡಿ ಕೆಟಲ್‌ಬೆಲ್: ಐದಕ್ಕೇ ನಿಂತ ಪ್ರೆಸ್

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕ. ವಯಸ್ಸು 43, ತೂಕ 74 ಕಿಲೊ. ಸ್ವಲ್ಪ ಅಡಿಕೆ ತೋಟವೂ ಇದೆ. ಕಳೆದ ದೀಪಾವಳಿಗೆ 16 ಕಿಲೊದ ಎರಡು ಕೆಟಲ್‌ಬೆಲ್ ತರಿಸಿದೆ. ವಾರಕ್ಕೆ ಮೂರು ದಿನ, ಜೋಡಿ ಹಿಡಿದು 5 ಕ್ಲೀನ್, 5 ಸ್ಕ್ವಾಟ್, ಆಮೇಲೆ ಆದಷ್ಟು ಪ್ರೆಸ್. ಹೀಗೆ ಐದು ಸುತ್ತು ಮಾಡುತ್ತೇನೆ. ಸ್ಕ್ವಾಟ್ ಈಗ ಸಲೀಸು. ಪ್ರೆಸ್ ಮಾತ್ರ ಮೂರು ತಿಂಗಳಿಂದ ಐದು ದಾಟುತ್ತಿಲ್ಲ, ಕೊನೆಯ ಸುತ್ತಿಗೆ ಎರಡಕ್ಕೆ ಇಳಿಯುತ್ತದೆ. ಎರಡೂ ಮುಂಗೈ ನೀಲಿಗಟ್ಟಿವೆ. ಮರುದಿನ ಬೆಳಿಗ್ಗೆ ಸೊಂಟದಲ್ಲಿ ಬಿಗಿತ. ಪರಿಚಯದವರೊಬ್ಬರು 24 ಕಿಲೊದ ಜೋಡಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆನ್ನುತ್ತಾರೆ. ತೆಗೆದುಕೊಳ್ಳಲೇ? ಮನೆಯವರೂ ಶುರುಮಾಡಬೇಕೆನ್ನುತ್ತಾರೆ, ಅವರಿಗೆ ಆಗುತ್ತದೆಯೇ? ವಿಡಿಯೊ ಕಳಿಸಿದ್ದೇನೆ.

ಉತ್ತರ: ಮಾಷ್ಟ್ರೇ, ವಿಡಿಯೊ ಮೂರು ಸಲ ನೋಡಿದೆ. ಮೊದಲ ಸಲ ಪ್ರೆಸ್ ನೋಡಿದೆ, ಹೇಳುವಂಥ ದೊಡ್ಡ ತಪ್ಪೇನೂ ಸಿಗಲಿಲ್ಲ. ಎರಡನೇ ಸಲ ಸ್ಕ್ವಾಟ್ ನೋಡಿದೆ, ಚೆನ್ನಾಗಿಯೇ ಇದೆ. ಮೂರನೇ ಸಲ ಕಣ್ಣುಮುಚ್ಚಿ ಬರೀ ಸದ್ದು ಕೇಳಿದೆ. ಪ್ರತಿ ಕ್ಲೀನ್‌ಗೂ ಒಂದು ‘ಟಪ್’, ಅದರ ಬೆನ್ನಿಗೇ ನಿಮ್ಮ ಬಾಯಿಂದ ಸಣ್ಣದೊಂದು ‘ಹ್ಞಾ’. ಆ ‘ಟಪ್’ ಕಬ್ಬಿಣ ಮುಂಗೈಗೆ ಬಡಿಯುವ ಸದ್ದು. ನೀವು ಬರೆದ ಮೂರು ದೂರುಗಳೂ ಅಲ್ಲಿಂದಲೇ ಹೊರಟಿವೆ: ನೀಲಿಗಟ್ಟಿದ ಕೈ, ಬಿಗಿಯುವ ಸೊಂಟ, ಐದಕ್ಕೇ ನಿಂತ ಪ್ರೆಸ್.

ಈ ಸಾಮಾನು ಹಿಡಿಯದವರೂ ಓದುತ್ತಾರಾದ್ದರಿಂದ ಎರಡು ಮಾತು. ಕೆಟಲ್‌ಬೆಲ್ ಎಂದರೆ ಹಿಡಿಯಿರುವ ಕಬ್ಬಿಣದ ಗುಂಡು. ಕಾಲುಗಳ ನಡುವೆ ಹಿಂದಕ್ಕೆ ತೂಗಿದ ಗುಂಡನ್ನು ಸೊಂಟದ ಬಲದಿಂದ ಎದೆಯ ಮಟ್ಟಕ್ಕೆ ತಂದು ನಿಲ್ಲಿಸುವುದು ಕ್ಲೀನ್. ಅಲ್ಲಿ ಅದು ಕೂರುವ ಜಾಗಕ್ಕೆ ರ್ಯಾಕ್ ಎನ್ನುತ್ತೇವೆ. ರ್ಯಾಕ್‌ನಲ್ಲಿ ಹಿಡಿದುಕೊಂಡೇ ಕುಳಿತು ಏಳುವುದು ಸ್ಕ್ವಾಟ್, ಅಲ್ಲಿಂದ ತಲೆಯ ಮೇಲಕ್ಕೆ ಒತ್ತುವುದು ಪ್ರೆಸ್. ಅಂದರೆ ಮೂರರಲ್ಲಿ ಎರಡು ಶುರುವಾಗುವುದು ರ್ಯಾಕ್‌ನಿಂದ, ಉಳಿದ ಒಂದು ಮುಗಿಯುವುದು ಅಲ್ಲೇ. ರ್ಯಾಕ್ ಕೆಟ್ಟರೆ ಮೂರೂ ಕೆಡುತ್ತವೆ.

ನಿಮ್ಮ ರ್ಯಾಕ್ ಹೇಗಿದೆ ಹೇಳುತ್ತೇನೆ. ಮೊಣಕೈಗಳು ಹೊರಗೆ ಹೋಗಿವೆ, ಮಣಿಕಟ್ಟು ಹಿಂದಕ್ಕೆ ಮಡಚಿದೆ, ಸೊಂಟ ಮುಂದಕ್ಕೆ, ಬೆನ್ನು ಹಿಂದಕ್ಕೆ. ಪಕ್ಕದಿಂದ ನೋಡಿದರೆ ಬಿಲ್ಲು. ಇದನ್ನು ಎಲ್ಲಿಂದ ಕಲಿತಿರಿ ಎಂದು ಊಹಿಸಬಲ್ಲೆ: ರಷ್ಯದ ಸ್ಪರ್ಧೆಗಳ ವಿಡಿಯೊ. ಅಲ್ಲಿ ಕೆಟಲ್‌ಬೆಲ್ ಎತ್ತುವುದೇ ಒಂದು ಕ್ರೀಡೆ. 1985ರಲ್ಲಿ ಸೋವಿಯತ್ ಒಕ್ಕೂಟ ಅದಕ್ಕೆ ನಿಯಮ ಬರೆಯಿತು, ಅದೇ ವರ್ಷ ಲಿಪೆಟ್ಸ್ಕ್ ನಗರದಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಇಂದಿನ ಆಟದಲ್ಲಿ 10 ನಿಮಿಷ ಗುಂಡು ನೆಲಕ್ಕಿಡುವಂತಿಲ್ಲ. ಹಾಗಾಗಿ ಆ ಆಟಗಾರರು ಸೊಂಟವನ್ನು ಮುಂದೆ ತಳ್ಳಿ, ಮೊಣಕೈಯನ್ನು ಸೊಂಟದೆಲುಬಿನ ಮೇಲೆ ಊರಿ, ಭಾರವನ್ನು ಎಲುಬಿಗೆ ಒಪ್ಪಿಸಿ ದಣಿವಾರಿಸಿಕೊಳ್ಳುತ್ತಾರೆ. ಅದು ವಿಶ್ರಾಂತಿಯ ರ್ಯಾಕ್, ಅದಕ್ಕೆ ವರ್ಷಗಟ್ಟಲೆ ಮೈ ಪಳಗಿಸಿರುತ್ತಾರೆ. ನಿಮಗೆ ಅಲ್ಲಿಂದಲೇ ಸ್ಕ್ವಾಟ್‌ಗೆ ಇಳಿಯಬೇಕು, ಅಲ್ಲಿಂದಲೇ ಪ್ರೆಸ್ ಏರಿಸಬೇಕು. ಬಿಲ್ಲಿನಂತೆ ಬಾಗಿ ನಿಂತು 32 ಕಿಲೊ ಹೊತ್ತರೆ ಮರುದಿನ ಬೆಳಿಗ್ಗೆ ಸೊಂಟ ಲೆಕ್ಕ ಕೇಳುತ್ತದೆ.

ನಿಮಗೆ ಬೇಕಾದ್ದು ಬಿಗಿ ರ್ಯಾಕ್. ಮೊಣಕೈ ಪಕ್ಕೆಲುಬಿಗೆ ತಾಗಿರಲಿ. ಮಣಿಕಟ್ಟು ಗೋಡೆಗೆ ಗುದ್ದುವಾಗ ಇರುವಷ್ಟು ನೇರ. ಹಿಡಿ ಅಂಗೈಗೆ ಅಡ್ಡವಾಗಿ ಬೇಡ, ಓರೆಯಾಗಿ ಕೂರಲಿ. ಹೆಬ್ಬೆರಳಿನ ಬುಡದಿಂದ ಆಚೆ ಬದಿಯ ಅಂಗೈಯ ದಿಂಡಿನವರೆಗೆ. ಗುಂಡು ಮುಂಗೈ ಮತ್ತು ತೋಳಿನ ನಡುವಿನ ಸಂದಿಯಲ್ಲಿ, ಕಂಕುಳಲ್ಲಿ ಮಗು ಕೂತಂತೆ. ಪೃಷ್ಠ ಬಿಗಿ, ಪಕ್ಕೆಲುಬು ಕೆಳಗೆ. ಹೀಗೆ ಎರಡೂ ಗುಂಡು ಹಿಡಿದು ಅರ್ಧ ನಿಮಿಷ ಸುಮ್ಮನೆ ನಿಲ್ಲಿ, ಮೂಗಿನಿಂದ ಉಸಿರಾಡಿ. ಉಸಿರು ಸರಾಗ ಬಂದರೆ ರ್ಯಾಕ್ ಸರಿ ಇದೆ. ಬೆನ್ನು ಬಾಗಿಸಿದರೆ ಮಾತ್ರ ಉಸಿರು ಬರುತ್ತದೆ ಎಂದಾದರೆ ಇನ್ನೂ ಸರಿಯಾಗಿಲ್ಲ.

ಇನ್ನು ಆ ‘ಟಪ್’. ಗುಂಡು ನಿಮ್ಮಿಂದ ದೂರ ಹೋಗಿ, ಅರ್ಧಚಂದ್ರ ಬರೆದು, ಮೇಲೆ ಬಂದಮೇಲೆ ಮಗುಚಿ ಕೈಗೆ ಬೀಳುತ್ತಿದೆ. ಎರಡು ಕಾರಣ. ಮೊದಲನೆಯದು, ನೀವು ಹಿಡಿಯನ್ನು ಹಾವಿನ ಕತ್ತು ಹಿಡಿದಂತೆ ಹಿಡಿದಿದ್ದೀರಿ, ಬಿಡುವುದೇ ಇಲ್ಲ. ಗುಂಡು ಹೊಕ್ಕುಳಿನ ಮಟ್ಟ ದಾಟುವಾಗ ಬೆರಳು ಸಡಿಲಿಸಿ, ಕೈಯನ್ನೇ ಹಿಡಿಯೊಳಗೆ ತೂರಿಸಬೇಕು, ಚಳಿಯಲ್ಲಿ ಸ್ವೆಟರಿನ ತೋಳಿಗೆ ಕೈ ತೂರಿಸಿದ ಹಾಗೆ. ಆಗ ಗುಂಡು ಮುಂಗೈಯ ಸುತ್ತ ಜಾರಿ ಬಂದು ಕೂರುತ್ತದೆ, ಬಡಿಯುವುದಿಲ್ಲ. ಎರಡನೆಯದು, ನೀವು ತೋಳಿನಿಂದ ಎಳೆಯುತ್ತಿದ್ದೀರಿ. ಬಾವಿಯಿಂದ ಕೊಡಪಾನ ಸೇದುವ ಅಭ್ಯಾಸ ಇರಬೇಕು. ಕ್ಲೀನ್‌ನಲ್ಲಿ ತೋಳು ಬರೀ ಹಗ್ಗ. ಎಳೆಯುವವರು ಹಿಂದೊಡೆ ಮತ್ತು ಪೃಷ್ಠ.

ಮುಂಗೈ ನೋವಿಗೆ ಬೇರೆ ಉಪಾಯ ಹುಡುಕುವವರಿದ್ದಾರೆ. ನನ್ನ ಬಳಿ ಒಬ್ಬರು ಮುಂಗೈಗೆ ಅಡಿಕೆ ಹಾಳೆ ಕಟ್ಟಿಕೊಂಡೇ ಬಂದಿದ್ದರು, ಚಂದವಾಗಿ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ. ಹಾಳೆಯ ಬಾಳಿಕೆಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ನೋವು ನಿಂತರೆ ತಪ್ಪು ಮುಂದುವರಿಯುತ್ತದೆ. ಹಾಳೆ ಬಿಚ್ಚಿಸಿದೆ, ಎರಡು ವಾರದಲ್ಲಿ ಅವರ ಕೈ ತಾನಾಗಿ ಸರಿಹೋಯಿತು.

ಹೇಗೆ ಕಲಿಯುವುದು? ಇಳಿಸುವುದರಿಂದ. ಮೊದಲು ಒಂದೇ ಗುಂಡು. ಎರಡೂ ಕೈಯಿಂದ ಎತ್ತಿ ಅದನ್ನು ಸರಿಯಾದ ರ್ಯಾಕ್‌ನಲ್ಲಿ ಕೂರಿಸಿ. ಈಗ ಮೈಗೆ ಹತ್ತಿರವಾಗಿಯೇ ಕೆಳಗೆ ಜಾರಿಸಿ, ಕಾಲುಗಳ ನಡುವೆ ಹಿಂದಕ್ಕೆ ಹೋಗಲು ಬಿಡಿ, ಅಲ್ಲಿಂದ ಇಳಿಸಿಡಿ. ಹತ್ತು ಸಲ. ಇಳಿಯುವ ದಾರಿಯೇ ಏರುವ ದಾರಿ. ಕೈಗೆ ಅದು ಗೊತ್ತಾದಮೇಲೆ ಹನ್ನೊಂದನೆಯ ಸಲ ಇಳಿಸಿಡದೆ, ಹಿಂದೆ ಹೋದ ಗುಂಡನ್ನು ಸೊಂಟ ಝಾಡಿಸಿ ಮೇಲೆ ತನ್ನಿ. ಗೋಡೆಗೆ ಮುಖಮಾಡಿ, ಒಂದೂವರೆ ಅಡಿ ದೂರದಲ್ಲಿ ನಿಂತು ಮಾಡಿದರೆ ಇನ್ನೂ ಬೇಗ ಬರುತ್ತದೆ, ಗುಂಡು ದೂರ ಹೋದರೆ ಗೋಡೆಯೇ ಹೇಳುತ್ತದೆ. ಇದಕ್ಕೆ ಹಟ್ಟಿಯ ಮುರಕಲ್ಲಿನ ಗೋಡೆ ಸಾಕು, ಪೇಂಟ್ ಹೊಡೆದ ಜಗಲಿಯ ಗೋಡೆಯಾದರೆ ಮನೆಯಲ್ಲಿ ನಿಮಗೂ ಸಿಗುತ್ತದೆ, ನನಗೂ ಸಿಗುತ್ತದೆ.

ಒಂದು ಬಂದಮೇಲೆ ಜೋಡಿ. ಎರಡು ಗುಂಡು ಒಟ್ಟಿಗೆ ಮೊಣಕಾಲುಗಳ ನಡುವೆ ಹೋಗಬೇಕಾದ್ದರಿಂದ ಕಾಲು ಸ್ವಲ್ಪ ಅಗಲ ಬೇಕು. ನಿಮ್ಮ ಸ್ಕ್ವಾಟ್‌ನ ಅಗಲವೇ ಸರಿಯಾಗುತ್ತದೆ. ಹಿಂದಕ್ಕೆ ಹೋಗುವಾಗ ಮೊಣಕಾಲು ಬಗ್ಗಿಸಿ ಕೂರಬೇಡಿ, ಪೃಷ್ಠವನ್ನು ಹಿಂದಕ್ಕೆ ಕಳಿಸಿ. ಎರಡೂ ಕೈಯಲ್ಲಿ ಸಾಮಾನಿದ್ದಾಗ ಹಿಂದಿನ ಬಾಗಿಲನ್ನು ಪೃಷ್ಠದಿಂದ ದೂಡುತ್ತೇವಲ್ಲ, ಅದೇ ಚಲನೆ. ನಿಮ್ಮ ವಿಡಿಯೊದ ನಾಲ್ಕನೇ ಸುತ್ತಿನಿಂದ ಬೆನ್ನಿನ ಕೆಳಭಾಗ ದುಂಡಗಾಗುತ್ತಿದೆ. ಸೊಂಟದ ಬಿಗಿತಕ್ಕೆ ಅರ್ಧ ಪಾಲು ಇದು, ಉಳಿದರ್ಧ ಆ ಬಿಲ್ಲು. ಬರೀ ಬಿಗಿತವಾದರೆ ತಿದ್ದಿಕೊಂಡಾಗ ಹೋಗುತ್ತದೆ. ಕಾಲಿಗೆ ಜೋಮು ಇಳಿದರೆ, ಕೆಮ್ಮುವಾಗ ಸೀನುವಾಗ ಸೊಂಟದಿಂದ ಕಾಲಿಗೆ ಮಿಂಚಿದಂತಾದರೆ ಗುಂಡು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ; ಅದು ನನ್ನ ಕೆಲಸವಲ್ಲ.

ಈಗ ಪ್ರೆಸ್. ನೀವು ಐದು ಕ್ಲೀನ್, ಐದು ಸ್ಕ್ವಾಟ್ ಮುಗಿಸಿ ಕೊನೆಗೆ ಪ್ರೆಸ್‌ಗೆ ಬರುತ್ತೀರಿ. ಮೂರರಲ್ಲಿ ಅತ್ಯಂತ ದುರ್ಬಲವಾದದ್ದು ಅದು. ತೊಡೆಗೆ ಹೋಲಿಸಿದರೆ ಭುಜದ ಸ್ನಾಯು ಎಷ್ಟು ಮಹಾ? ಅಲ್ಲದೆ, ರ್ಯಾಕ್‌ನಲ್ಲಿ ಭಾರವಿಟ್ಟು ಐದು ಸಲ ಕುಳಿತು ಎದ್ದರೆ ಮೊದಲು ಸೋಲುವುದು ಕಾಲಲ್ಲ, ಉಸಿರು ಮತ್ತು ಬೆನ್ನಿನ ಮೇಲ್ಭಾಗ. ಎದೆಯ ಮೇಲೆ ಕಬ್ಬಿಣ ಕೂತಿದೆ, ಶ್ವಾಸಕೋಶಕ್ಕೆ ಅರಳಲು ಜಾಗವಿಲ್ಲ. ಅಷ್ಟರಲ್ಲಿ ರ್ಯಾಕ್ ಕುಸಿದಿರುತ್ತದೆ, ಗುಂಡು ಹೆಗಲಿಗಿಂತ ಮುಂದಕ್ಕೆ ಜಾರಿರುತ್ತದೆ. ಅಲ್ಲಿಂದ ಪ್ರೆಸ್ ಮಾಡಿದರೆ ಅರ್ಧ ಶಕ್ತಿ ಗುಂಡನ್ನು ಜಾಗಕ್ಕೆ ತರುವುದರಲ್ಲೇ ಖರ್ಚು. ಪರೀಕ್ಷೆಯ ಕೊನೆಯ ಹತ್ತು ನಿಮಿಷಕ್ಕೆ ಕಷ್ಟದ ಪ್ರಶ್ನೆ ಉಳಿಸಿಕೊಳ್ಳಬೇಡಿ ಎಂದು ಮಕ್ಕಳಿಗೆ ನೀವೇ ಹೇಳುತ್ತೀರಲ್ಲ.

ಇದಕ್ಕೆ ಚಂದದ ಪರಿಹಾರವೊಂದು ಚಾಲ್ತಿಯಲ್ಲಿದೆ. ಅಮೆರಿಕದ ತರಬೇತುದಾರ ಡ್ಯಾನ್ ಜಾನ್ ಅದನ್ನು ಪ್ರಚಾರಕ್ಕೆ ತಂದರು: ಜೋಡಿ ಗುಂಡಿನಿಂದ ಎರಡು ಕ್ಲೀನ್, ಒಂದು ಪ್ರೆಸ್, ಮೂರು ಸ್ಕ್ವಾಟ್. ಇಷ್ಟಕ್ಕೆ ಒಂದು ಸುತ್ತು, ಆಮೇಲೆ ಇಳಿಸಿಡುವುದು. ನೋಡಿ, ದುರ್ಬಲವಾದದ್ದಕ್ಕೆ ಒಂದು, ಬಲವಾದದ್ದಕ್ಕೆ ಮೂರು, ಪ್ರೆಸ್ ಸ್ಕ್ವಾಟ್‌ಗಿಂತ ಮೊದಲು. ಪ್ರತಿ ನಿಮಿಷ ಶುರುವಾಗುವಾಗ ಒಂದು ಸುತ್ತು, ಉಳಿದ ಸೆಕೆಂಡು ವಿಶ್ರಾಂತಿ. ಹತ್ತು ನಿಮಿಷದಲ್ಲಿ 20 ಕ್ಲೀನ್, 10 ಪ್ರೆಸ್, 30 ಸ್ಕ್ವಾಟ್ ಆಯಿತು. ಒಟ್ಟು 60 ಸಲ ಎತ್ತಿದಂತಾಯಿತು, ಒಂದೊಂದಕ್ಕೆ 32 ಕಿಲೊ, 1920 ಕಿಲೊ. ಸಿಮೆಂಟು ಚೀಲದ ಲೆಕ್ಕದಲ್ಲಿ 38 ಚೀಲ ದಾಟಿತು, ಅದೂ ಹತ್ತೇ ನಿಮಿಷದಲ್ಲಿ. ಕೇಳಲು ಹಗುರ, ಆರನೇ ನಿಮಿಷಕ್ಕೆ ಅರ್ಥವಾಗುತ್ತದೆ.

ವಾರದ ಮೂರು ದಿನದಲ್ಲಿ ಎರಡು ದಿನ ಇದನ್ನು ಮಾಡಿ. ಮೊದಲ ವಾರ ಐದು ಸುತ್ತು ಸಾಕು, ವಾರಕ್ಕೆ ಒಂದೆರಡರಂತೆ ಏರಿಸಿ. ಕ್ಲೀನ್‌ನಲ್ಲಿ ‘ಟಪ್’ ಕೇಳಿದ ಕ್ಷಣ ಆ ದಿನದ ಪಾಠ ಮುಗಿಯಿತು ಎಂದಿಟ್ಟುಕೊಳ್ಳಿ.

ಮೂರನೇ ದಿನ ಬರೀ ಪ್ರೆಸ್‌ಗೆ. ಸೋಲುವವರೆಗೆ ಒತ್ತುವ ಪದ್ಧತಿ ಬಿಡಿ. ನಿಮ್ಮ ಈಗಿನ ಲೆಕ್ಕ ಹೆಚ್ಚುಕಡಿಮೆ ಐದು, ನಾಲ್ಕು, ಮೂರು, ಎರಡು, ಎರಡು ಇರಬೇಕು. ಒಟ್ಟು 16, ಅದರಲ್ಲಿ ಕೊನೆಯ ಏಳೆಂಟು ಬೆನ್ನು ಬಾಗಿಸಿ, ಮುಖ ಕಿವುಚಿ ಒತ್ತಿದವು. ಅದರ ಬದಲು ಮೆಟ್ಟಿಲು ಹತ್ತಿ. ಒಂದು ಪ್ರೆಸ್, ಇಳಿಸಿ, ದಣಿವಾರಿಸಿ. ಎರಡು, ಇಳಿಸಿ, ದಣಿವಾರಿಸಿ. ಮೂರು. ಮತ್ತೆ ಒಂದರಿಂದ. ಇಂಥ ಮೂರು ಮೆಟ್ಟಿಲಾದರೆ 18 ಪ್ರೆಸ್, ಯಾವುದೂ ನಿಮ್ಮನ್ನು ಸೋಲಿಸಿಲ್ಲ. ಐದು ಮೆಟ್ಟಿಲಾದರೆ 30. ಭುಜಕ್ಕೆ ಬಲ ಬರುವುದು ಹೀಗೆ ಚೊಕ್ಕವಾಗಿ ಕೂಡಿದ ಲೆಕ್ಕದಿಂದ. ಪ್ರತಿ ಪ್ರೆಸ್‌ಗೂ ಹೊಸದಾಗಿ ಒಂದು ಕ್ಲೀನ್ ಮಾಡಿ. ರ್ಯಾಕ್ ಪ್ರತಿ ಸಲ ಹೊಸದಾಗಿ ಕೂರುತ್ತದೆ, ಕ್ಲೀನ್ ಅಭ್ಯಾಸವೂ ಆಗುತ್ತದೆ. ಒತ್ತುವಾಗ ಮುಂಗೈ ಕಡೆಯತನಕ ನೆಲಕ್ಕೆ ಲಂಬವಾಗಿರಲಿ, ಪೃಷ್ಠ ಕಲ್ಲಿನಂತೆ ಬಿಗಿ, ತೋಳು ಕಿವಿಯ ಪಕ್ಕದಲ್ಲಿ ಮುಗಿಯಲಿ. ಇಳಿಸುವಾಗ ಬೀಳಿಸಬೇಡಿ, ಪಕ್ಕೆಲುಬಿನ ಕಡೆಗೆ ಎಳೆದು ತನ್ನಿ.

ಉಸಿರಿನ ಬಗ್ಗೆ: ಭಾರ ಎತ್ತುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಆ ಗಳಿಗೆಗೆ ಜೋರಾಗಿ ಏರುತ್ತದೆ. ಆರೋಗ್ಯವಂತರಿಗೆ ಅದು ಇಳಿದುಹೋಗುತ್ತದೆ. 43 ವರ್ಷದ ನೀವು ಕೊನೆಯ ಸಲ ಬಿಪಿ ನೋಡಿಸಿದ್ದು ಯಾವಾಗ ಎಂದು ಬರೆದಿಲ್ಲ. ಮೊದಲು ನೋಡಿಸಿ. ಹೆಚ್ಚಿದ್ದರೆ ವೈದ್ಯರ ಒಪ್ಪಿಗೆ ಸಿಗುವತನಕ ಜೋಡಿ ಪ್ರೆಸ್ ಬೇಡ.

ತೋಟದ ಕೆಲಸವನ್ನೂ ವ್ಯಾಯಾಮದ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕಡೆಯ ಎಷ್ಟೋ ಜನ ಇದನ್ನು ಮರೆಯುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೊ ಮದ್ದು ಹೊಡೆಯುವುದು, 40-45 ದಿನ ಬಿಟ್ಟು ಮತ್ತೊಂದು ಸಲ. ಆಮೇಲೆ ಕೊಯ್ಲು. ಈಗೀಗ ಮರ ಹತ್ತುವವರು ಸಿಗದೆ, ನೆಲದಲ್ಲೇ ನಿಂತು ಗೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಸ್ವಂತ ತೋಟದವರೇ ಹಿಡಿಯುತ್ತಾರೆ. ದೋಟಿ ಹಗುರವೇ, ಆದರೆ ಕತ್ತು ಮೇಲೆ ಮಾಡಿ, ಎರಡೂ ಕೈ ತಲೆಯ ಮೇಲೆ, ಬೆಳಗಿನಿಂದ ಮಧ್ಯಾಹ್ನದತನಕ. ಭುಜಕ್ಕೆ ಇದಕ್ಕಿಂತ ದೊಡ್ಡ ಪ್ರೆಸ್ ದಿನ ಇನ್ನೊಂದಿಲ್ಲ. ದೋಟಿ ಹಿಡಿದ ದಿನವೂ ಮರುದಿನವೂ ಪ್ರೆಸ್ ಬಿಡಿ. ಕ್ಲೀನ್, ಸ್ಕ್ವಾಟ್ ಮಾಡಬಹುದು. ಮೂರು ತಿಂಗಳಿಂದ ಪ್ರೆಸ್ ನಿಂತಿದೆ ಎಂದಿರಲ್ಲ, ಆ ಮೂರು ತಿಂಗಳಲ್ಲಿ ಕೊಯ್ಲೂ ಬಂದಿತ್ತೇ ನೋಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 74 ಕಿಲೊ ತೂಕದವರು ಬಲ ಬೆಳೆಸಲು ಹೊರಟರೆ ದಿನಕ್ಕೆ 90ರಿಂದ 120 ಗ್ರಾಂ ಪ್ರೊಟೀನು ಬೇಕು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ: ರುಚಿಗೆ ಎದುರಿಲ್ಲ, ಪ್ರೊಟೀನಿನಲ್ಲಿ ಬಡವ. ಗಂಜಿ ಬಿಡಬೇಡಿ, ಪಕ್ಕದಲ್ಲಿ ಹೆಸರುಕಾಳಿನದೋ ಹುರುಳಿಯದೋ ಪಲ್ಯ ದಪ್ಪಗೆ ಬಡಿಸಿಕೊಳ್ಳಿ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನಿದೆ. ಮೀನು ತಿನ್ನುವ ಮನೆಯಾದರೆ ಬಂಗುಡೆ, ಬೂತಾಯಿ ಇರುವ ಊರಲ್ಲಿ ಡಬ್ಬಿಯ ಪುಡಿ ಯಾಕೆ?

ಮನೆಯವರು ಖಂಡಿತ ಶುರುಮಾಡಲಿ. 16ರ ಜೋಡಿಯಿಂದ ಬೇಡ. 8 ಕಿಲೊದ ಒಂದರಿಂದ ಹೊರಟು ಜೋಡಿಗೆ ಬರಲಿ. ಅವರ ರ್ಯಾಕ್ ನಿಮ್ಮದಕ್ಕಿಂತ ತುಸು ಹೊರಗೆ, ಎದೆಯ ಪಕ್ಕಕ್ಕೆ ಕೂರುತ್ತದೆ, ಅದನ್ನು ತಪ್ಪು ಎಂದು ತಿದ್ದಲು ಹೋಗಬೇಡಿ. ವಿಡಿಯೊದ ಕೊನೆಗೆ ಅವರು ಒಂದು ಗುಂಡನ್ನು ದಾರಿಯಿಂದ ಎತ್ತಿ ಬದಿಗಿಟ್ಟರಲ್ಲ, ಬೆನ್ನು ಹಲಗೆಯಂತಿತ್ತು. ನೀವು ಅದನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಸಣ್ಣಪುಟ್ಟದ್ದು. ಅಂಗಳಕ್ಕೆ ಪಾಚಿ ಹಿಡಿದಾಗ ಅಲ್ಲಿ ಗುಂಡು ತೂಗಬೇಡಿ. ಜಗಲಿಯ ಕೆಂಪು ಸಾರಣೆ ನೆಲ ಉಳಿಯಬೇಕಾದರೆ ದನದ ಹಟ್ಟಿಗೆ ಹಾಕುವ ರಬ್ಬರ್ ಮ್ಯಾಟ್ ಒಂದು ಹಾಸಿ; ಜಿಮ್ಮಿನ ಮ್ಯಾಟಿಗಿಂತ ಅಗ್ಗ, ಗಟ್ಟಿ. ಬರಿಗಾಲೇ ಸಾಕು. ನಮ್ಮ ಮಳೆಗಾಲದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಗುಂಡಿನ ಹೊಟ್ಟೆಗೆ ತೆಂಗಿನೆಣ್ಣೆ ತೆಳ್ಳಗೆ ಒರೆಸಬಹುದು. ಹಿಡಿಗೆ ಮಾತ್ರ ಬೇಡ, ಕೈ ಜಾರಿದರೆ ಹಲ್ಲು ಹೋದೀತು. ಹಿಡಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಬೆವರು ಹೆಚ್ಚಿದ್ದರೆ ಚಾಕ್ ಪುಡಿ ಬಳಸಿ, ಶಾಲೆಯದಲ್ಲ, ಮೆಗ್ನೀಸಿಯಂ ಕಾರ್ಬೊನೇಟಿನದು.

ಕೊನೆಗೆ ಆ 24ರ ಜೋಡಿ. ರಷ್ಯನರು ಈ ಗುಂಡಿಗೆ ಗಿರ್ಯಾ ಎನ್ನುತ್ತಾರೆ. ಮೂಲದಲ್ಲಿ ಅದು ಸಂತೆಯಲ್ಲಿ ಧಾನ್ಯ ತೂಗುವ ತೂಕದ ಕಲ್ಲು, ಅಳತೆಯ ಹೆಸರು ಪೂದ್. ಒಂದು ಪೂದ್ ಎಂದರೆ 16.38 ಕಿಲೊ. ಹಾಗಾಗಿಯೇ ಹಳೆಯ ಗುಂಡುಗಳು 16, 24, 32: ಒಂದು, ಒಂದೂವರೆ, ಎರಡು ಪೂದ್. ತಕ್ಕಡಿಗೆ ಸರಿಹೊಂದಿದ ಈ ಅಂತರ ನಿಮ್ಮ ಭುಜಕ್ಕೆ ದೊಡ್ಡದು. ಜೋಡಿ ಲೆಕ್ಕದಲ್ಲಿ 32ರಿಂದ 48ಕ್ಕೆ, ಒಂದೇ ನೆಗೆತಕ್ಕೆ ಅರ್ಧದಷ್ಟು ಹೆಚ್ಚು. ಸ್ಕ್ವಾಟ್ ತಡೆದೀತು, ಪ್ರೆಸ್ ಒಂದೂ ಬರಲಾರದು. ಮೆಟ್ಟಿಲು ಐದಾಗಿ, ಜೋಡಿ 16ರಲ್ಲಿ ಎಂಟು ಪ್ರೆಸ್ ಚೊಕ್ಕವಾಗಿ ಬಂದಮೇಲೆ 20 ಕಿಲೊದ ಒಂದೇ ಒಂದು ತನ್ನಿ. ಒಂದು ಕೈಗೆ 16, ಇನ್ನೊಂದಕ್ಕೆ 20. ಮುಂದಿನ ಸುತ್ತಿಗೆ ಅದಲುಬದಲು. ಒಟ್ಟು 36 ಆಯಿತು, ಹೊಟ್ಟೆಯ ಪಕ್ಕದ ಸ್ನಾಯುಗಳಿಗೂ ಕೆಲಸ ಬಂತು. ಅದು ಪಳಗಿದಮೇಲೆ ಇನ್ನೊಂದು 20.

ಪರಿಚಯದವರು ಜೋಡಿ ಒಡೆದು ಒಂದನ್ನು ಮಾತ್ರ ಕೊಡಲು ಒಪ್ಪಿದರೆ ಆ 24 ತನ್ನಿ. ಎರಡೂ ಕೈಯಲ್ಲಿ ಒಂದೇ ಗುಂಡು ಹಿಡಿದು ಸ್ವಿಂಗ್ ಮಾಡಲು, ಅಂದರೆ ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ತೂಗಲು, ನಿಮ್ಮ ಮೈಕಟ್ಟಿಗೆ ಅದೇ ಸರಿಯಾದ ತೂಕ, ಕ್ಲೀನ್‌ಗೆ ಬೇಕಾದ ಸೊಂಟದ ಝಾಡಿಕೆ ಅದರಿಂದ ಬೇಗ ಕೂರುತ್ತದೆ. ಜೋಡಿಯಾದರೆ ಮಾತ್ರ ಕೊಡುತ್ತೇನೆ ಎಂದರೆ ಬಿಟ್ಟುಬಿಡಿ, ಅರ್ಧ ಬೆಲೆಯಾದರೂ. ಆರು ವಾರ ಬಿಟ್ಟು ಇನ್ನೊಂದು ವಿಡಿಯೊ ಕಳಿಸಿ, ಪಕ್ಕದಿಂದ ತೆಗೆದದ್ದು. ಸದ್ದು ಮ್ಯೂಟ್ ಮಾಡಬೇಡಿ.